ಮನೆಯೊಳಗಿನ ಮಹಜರು



"ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು, ದೈಹಿಕ ಹಾಗೂ ಮಾನಸಿಕ ಕಿರುಕುಳ ನೀಡಿ, ಜೀವ ಬೆದರಿಕೆ ಹಾಕಿರುತ್ತಾರೆ." ಠಾಣೆಯ ಕನ್ನಡ ಬಲ್ಲವರಿಗೆ ಈ ವಾಕ್ಯ ಹೊಸದಲ್ಲ. ಗಂಡನ ಮೇಲೆ ದೂರು ಕೊಟ್ಟವಳು ಬೀದರಿನವಳಾಗಲಿ, ಕೊಳ್ಳೇಗಾಲದವಳಾಗಲಿ, ಕಾಗದದ ಮೇಲೆ ಅವಳ ಬಾಯಿಂದ ಬಂದಂತೆ ಕಾಣುವುದು ಇದೇ ಮಾತು. ಆದರೆ ಯಾವ ಹೆಂಗಸೂ ಹೀಗೆ ಮಾತಾಡುವುದಿಲ್ಲ. ಅವಳು ಹೇಳಿರುವುದು ಇಂಥದ್ದು: "ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಬಿಸಿ ಬೋಗುಣಿ ಎತ್ತಿ ಎಸೆದ್ರು ಸಾರ್. ಮಗು ಮೇಲೆ ಬೀಳ್ತದೆ ಅಂತ ನಾನು ಅಡ್ಡ ಬಂದೆ, ಭುಜಕ್ಕೆ ಬಿತ್ತು." ಠಾಣೆಯ ರೈಟರ್ ಇದನ್ನು ಟೈಪು ಮಾಡಿ ಮುಗಿಸುವಷ್ಟರಲ್ಲಿ ಬೋಗುಣಿ, ಸಾರು, ಮಗು, ಭುಜ ನಾಲ್ಕೂ ಮಾಯ. ಉಳಿಯುವುದು ದೈಹಿಕ ಹಾಗೂ ಮಾನಸಿಕ.

ವರ್ಷಗಳಾದ ಮೇಲೆ ಇದೇ ಕಾಗದ ನ್ಯಾಯಾಲಯಕ್ಕೆ ಬರುತ್ತದೆ. ಆರೋಪಿಯ ಪರ ವಕೀಲರು ಎದ್ದು ನಿಂತು ಕೇಳುತ್ತಾರೆ: ಅವಾಚ್ಯ ಶಬ್ದ ಎಂದರೆ ಯಾವ ಶಬ್ದ? ಹೊಡೆದದ್ದು ಯಾವ ದಿನ, ಎಷ್ಟು ಹೊತ್ತಿಗೆ? ಗಾಯ ಎಲ್ಲಾಯಿತು? ಬೋಗುಣಿಯ ಕಥೆಯನ್ನು ಅವಳು ಆಗ ಹೇಳಿದರೆ, "ಇದನ್ನು ಪೊಲೀಸರ ಮುಂದೆ ಹೇಳಿಯೇ ಇಲ್ಲವಲ್ಲ, ಈಗ ಕಟ್ಟಿ ಹೇಳುತ್ತಿದ್ದೀರಿ" ಎನ್ನುತ್ತಾರೆ. ವಕೀಲರು ತಮ್ಮ ಕೆಲಸ ಮಾಡಿದರು. ಠಾಣೆಯಲ್ಲಿ ಆಗಬೇಕಾದ ಕೆಲಸ ಆಗಿರಲಿಲ್ಲ, ಅಷ್ಟೆ.

ಪೊಲೀಸರಿಗೆ ಕೌಟುಂಬಿಕ ದೌರ್ಜನ್ಯದ ಬಗ್ಗೆ ತರಬೇತಿ ಕೊಡಬೇಕೆಂಬುದು ಸರ್ಕಾರದ ಔದಾರ್ಯಕ್ಕೆ ಬಿಟ್ಟ ಮಾತಲ್ಲ. 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 11ನೇ ಕಲಮಿನಲ್ಲೇ ಅದು ಬರೆದಿದೆ. ಪೊಲೀಸರಿಗೂ ನ್ಯಾಯಾಂಗ ಸೇವೆಯಲ್ಲಿರುವವರಿಗೂ ಕಾಲಕಾಲಕ್ಕೆ ಅರಿವು ಮೂಡಿಸುವ ತರಬೇತಿ ಆಗಲೇಬೇಕು. ಆಗುತ್ತಲೂ ಇದೆ. ದೀಪ ಬೆಳಗುತ್ತಾರೆ, ಸಂಪನ್ಮೂಲ ವ್ಯಕ್ತಿಗಳು ಪವರ್‌ಪಾಯಿಂಟ್ ತೋರಿಸುತ್ತಾರೆ, ಮಧ್ಯಾಹ್ನ ಪಲಾವು, ಸಂಜೆ ಪ್ರಮಾಣಪತ್ರ. ಹೆಣ್ಣುಮಕ್ಕಳ ಬಗ್ಗೆ ಸಂವೇದನೆ ಇರಲಿ ಎಂದು ಕೇಳಿಸಿಕೊಂಡ ಪೇದೆ ಮರುದಿನ ರಾತ್ರಿಪಾಳಿಗೆ ಹೋಗುತ್ತಾನೆ. ಅವನಲ್ಲಿ ಸಂವೇದನೆ ಇಲ್ಲವೆಂದು ನಾನು ಹೇಳಲಾರೆ. ಅಳುತ್ತ ಬಂದವಳಿಗೆ ನೀರು ಕೊಟ್ಟು ಕೂರಿಸುವ ಸಿಬ್ಬಂದಿ ಬಹಳ ಮಂದಿ ಇದ್ದಾರೆ. ನೀರು ಕೊಟ್ಟಾದ ಮೇಲೆ ಏನು ಕೇಳಬೇಕು, ಎಲ್ಲಿಗೆ ಹೋಗಬೇಕು, ಯಾವ ವಸ್ತು ಜಪ್ತಿ ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಕೈಹಿಡಿದು ಕಲಿಸಿಲ್ಲ. ಅದೇ ಠಾಣೆಗೆ ಬೈಕು ಕಳವಾಯಿತು ಎಂದು ಹೋಗಿ ನೋಡಿ. ನಂಬರು, ಬಣ್ಣ, ಚಾಸಿ ನಂಬರು, ನಿಲ್ಲಿಸಿದ ಜಾಗ, ಹ್ಯಾಂಡಲ್ ಲಾಕ್ ಆಗಿತ್ತೋ ಇಲ್ಲವೋ, ಎದುರಂಗಡಿಗೆ ಕ್ಯಾಮೆರಾ ಇದೆಯೋ, ಎಲ್ಲವನ್ನೂ ಕೇಳುತ್ತಾರೆ.

ಇವತ್ತು ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟೇ. ಹೆಂಡತಿಗೆ ಹೊಡೆದ ಪ್ರಕರಣವನ್ನೂ ಉಳಿದ ಅಪರಾಧಗಳ ಹಾಗೆ ತನಿಖೆ ಮಾಡುವುದನ್ನು ಕಲಿಸಬೇಕು. ಮನೆ ಕೂಡ ಕೃತ್ಯ ನಡೆದ ಸ್ಥಳ.

ಅಗತ್ಯ ಎಷ್ಟಿದೆ ಎಂಬುದಕ್ಕೆ ಒಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಇಡೀ ದೇಶದಲ್ಲಿ ಶೇ. 29.3, ನಮ್ಮ ಕರ್ನಾಟಕದಲ್ಲಿ ಶೇ. 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ. 20.6 ಇತ್ತು. ಹಿಂಸೆಯೇ ದುಪ್ಪಟ್ಟಾಯಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಾದರೋ ಎಂಬ ಚರ್ಚೆ ಇದ್ದೇ ಇದೆ. ಎರಡರಲ್ಲಿ ಯಾವುದಾದರೂ ಠಾಣೆಯ ಕೆಲಸವೇನೂ ಕಡಿಮೆಯಾಗದು. ದೇಶದಲ್ಲಿ ಹಿಂಸೆ ಉಂಡವರ ಪೈಕಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಅವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ಎಲ್ಲ ದಾಟಿ ಠಾಣೆಯ ಮೆಟ್ಟಿಲು ಹತ್ತಿದವಳೆಂದರೆ ಅವಳು ಮೊದಲ ಏಟಿಗೇ ಬಂದವಳಲ್ಲ ಎಂದು ತಿಳಿಯಬೇಕು.

ತನಿಖೆ ಹೇಳಿಕೆಯಿಂದ ಶುರುವಾಗುತ್ತದೆ. ಪೊಲೀಸ್ ತರಬೇತಿ ತರಗತಿಗಳಲ್ಲಿ ಕಾನೂನು ಪಾಠ ಮಾಡುವಾಗ ನಾನು ಮೊದಲು ಮಾಡಿಸುತ್ತಿದ್ದ ಅಭ್ಯಾಸ ತಾರೀಖಿನದು. "ಯಾವತ್ತು ಹೊಡೆದರು?" ಎಂದರೆ ಹಳ್ಳಿಯ ಹೆಂಗಸು ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ. "ಮಾರ್ನಮಿ ಕಳೆದ ಮೇಲೆ", "ದೊಡ್ಡವಳಿಗೆ ಗಣಿತದ ಪರೀಕ್ಷೆ ಇತ್ತಲ್ಲ, ಅದರ ಹಿಂದಿನ ರಾತ್ರಿ", "ಸಂಘದ ಕಂತು ಕಟ್ಟೋ ದಿನ" ಎನ್ನುತ್ತಾಳೆ. ಇದನ್ನು ಕೇಳಿದ ರೈಟರ್ "ಆಗಾಗ್ಗೆ" ಎಂದು ಬರೆದು ಮುಗಿಸುತ್ತಾನೆ. ಕಲಿತವನು ಹಾಗೆ ಬಿಡುವುದಿಲ್ಲ. ಗಣಿತದ ಪರೀಕ್ಷೆಯ ತಾರೀಖು ಶಾಲೆಯಲ್ಲಿ ಸಿಗುತ್ತದೆ, ಕಂತಿನ ತಾರೀಖು ಸಂಘದ ಪುಸ್ತಕದಲ್ಲಿದೆ. "ಗೃಹಲಕ್ಷ್ಮಿ ದುಡ್ಡು ಬಂದಿತ್ತು, ಕುಡಿಯೋಕೆ ಕೊಡು ಅಂತ ಕಿತ್ಕೊಂಡ್ರು" ಎಂದಳೆನ್ನಿ. ಆ ಎರಡು ಸಾವಿರ ರೂಪಾಯಿ ಜಮಾ ಆದ ದಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದೆ, ತೆಗೆದ ದಿನವೂ ಇದೆ. ಅವಳ ನೆನಪಿನ ಜೊತೆಗೆ ಬ್ಯಾಂಕಿನ ದಾಖಲೆ ನಿಂತಿತು. ಹೆಂಗಸಿನ ದುಡ್ಡು ಕಸಿದುಕೊಳ್ಳುವುದು, ಮನೆಖರ್ಚಿಗೆ ಕೊಡದೆ ಇರುವುದು ಕೂಡ ಆರ್ಥಿಕ ಹಿಂಸೆ ಎಂದು 2005ರ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಇದು ಗೊತ್ತಿಲ್ಲದ ಅಧಿಕಾರಿ ಪಾಸ್‌ಬುಕ್ ಕೇಳುವುದೇ ಇಲ್ಲ.

ಇನ್ನು ಬೈಗುಳ. "ಅವಾಚ್ಯ" ಎಂದು ಬರೆದರೆ ಸಭ್ಯತೆ ಉಳಿಯುತ್ತದೆ, ಸಾಕ್ಷ್ಯ ಹೋಗುತ್ತದೆ. ಅವನು ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ಬರೆಯಲು ರೈಟರಿಗೆ ಮುಜುಗರ, ಹೇಳಲು ಅವಳಿಗೆ ಅದಕ್ಕಿಂತ ಹೆಚ್ಚು. ನಾಲ್ಕು ಜನ ಓಡಾಡುವ ಹಜಾರದಲ್ಲಿ, ಗಂಡನ ಅಣ್ಣ ಬಾಗಿಲಲ್ಲೇ ನಿಂತಿರುವಾಗ, ಅವಳು ಏನು ಹೇಳಿಯಾಳು? ಬೇರೆ ಕೋಣೆ ಬೇಕು. ಕೋಣೆ ಇಲ್ಲದ ಠಾಣೆಯಲ್ಲಿ ಹಿತ್ತಲ ಕಡೆ ಎರಡು ಕುರ್ಚಿ ಹಾಕಿಕೊಂಡರೂ ಆದೀತು.

ಆಮೇಲೆ ಮನೆಗೆ ಹೋಗಬೇಕು. ಇಂಥ ಪ್ರಕರಣದ ಮಹಜರು ಹಲವು ಸಲ ಠಾಣೆಯ ಮೇಜಿನ ಮೇಲೇ ಹುಟ್ಟುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಖಾಲಿ ನಿವೇಶನ ಎಂದು ಚೆಕ್ಕುಬಂದಿ ಬರೆದು ಪಂಚರ ಸಹಿ ಹಾಕಿಸಿದರೆ ಮುಗಿಯಿತು. ಒಳಗೆ ಹೋಗಿ ನೋಡಿದವನಿಗೆ ಕಾಣುವುದೇ ಬೇರೆ. ಕಟ್ಟೆಯ ಸಂದಿಯಲ್ಲಿ ಗಾಜಿನ ಬಳೆಯ ಚೂರುಗಳು. ಹೆಂಗಸಿನ ಮುಂಗೈ ಹಿಡಿದು ತಿರುಚಿದರೆ ಬಳೆ ಒಡೆದು ಅಲ್ಲೇ ಗೀರುತ್ತದೆ. ಆ ಚೂರು ಮತ್ತು ಮುಂಗೈಯ ಗೀರು ಎರಡೂ ಒಂದೇ ಕಥೆ ಹೇಳುತ್ತವೆ. ಬಚ್ಚಲಮನೆಯ ಚಿಲಕ ಒಳಗಿನಿಂದ ಕಿತ್ತು ಬಂದಿದ್ದರೆ ಅವಳು ಒಳಗೆ ಅಡಗಿದ್ದಳು, ಅವನು ಹೊರಗಿನಿಂದ ದೂಡಿದ್ದಾನೆ. ಮೊಬೈಲಿನ ಗಾಜು ಸೀಳಿದ್ದರೆ, ಯಾರಿಗೆ ಕರೆ ಮಾಡಲು ಹೋದಾಗ ಕಿತ್ತುಕೊಂಡ ಎಂದು ಕೇಳಬೇಕು. ಕೊನೆಯ ಕರೆ ತುರ್ತು ನಂಬರು 112ಕ್ಕೆ ಹೋಗಿದ್ದರೆ ಅದರ ದಾಖಲೆಯನ್ನು ಪ್ರಮಾಣಪತ್ರ ಸಮೇತ ತರಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಶೋಧನೆ ಮತ್ತು ಜಪ್ತಿಯನ್ನು ವಿಡಿಯೋ ಮಾಡಲು ಹೇಳಿದೆ. ಕೈಯಲ್ಲಿ ಫೋನು ಹಿಡಿದು ಅಡುಗೆಮನೆಗೆ ಹೋಗಲೇಬೇಕಾದ ಕಾಲ ಬಂದಿದೆ, ಒಳ್ಳೆಯದೇ ಆಯಿತು.

ನೆರೆಯವರನ್ನು "ಜಗಳ ನೋಡಿದಿರಾ?" ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ಅವರಿಗೆ ನಾಳೆಯೂ ಅದೇ ಓಣಿಯಲ್ಲಿ ಬಾಳುವೆ ಮಾಡಬೇಕು. ನೋಡಿದ್ದನ್ನು ಬಿಟ್ಟು, ಕೇಳಿದ್ದು, ಮಾಡಿದ್ದು ಏನೆಂದು ಕೇಳಬೇಕು. ಆ ರಾತ್ರಿ ಟಿ.ವಿ. ಸದ್ದು ಜೋರು ಮಾಡಿದಿರಾ? ಮಗು ನಿಮ್ಮ ಮನೆಗೆ ಓಡಿ ಬಂತೇ? ಊಟ ಹಾಕಿದಿರಾ? ಎಷ್ಟು ಹೊತ್ತಿಗೆ? "ಬಂತು ಸಾರ್, ಬರಿಗಾಲಲ್ಲಿ ಬಂತು, ಚಾಪೆ ಹಾಕಿ ಮಲಗಿಸಿದೆ" ಎನ್ನುವಾಕೆಗೆ ತಾನು ಸಾಕ್ಷಿ ನುಡಿದೆ ಎಂಬ ಅಳುಕೂ ಇರುವುದಿಲ್ಲ.

ಆಸ್ಪತ್ರೆಯ ದಾಖಲೆಯನ್ನೂ ಓದಲು ಕಲಿಯಬೇಕು. ಎಂ.ಎಲ್.ಸಿ., ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳ ರಿಜಿಸ್ಟರಿನಲ್ಲಿ "ಮೆಟ್ಟಿಲಿನಿಂದ ಜಾರಿ ಬಿದ್ದದ್ದು" ಎಂದಿರುತ್ತದೆ. ಪಕ್ಕದ ಅಂಕಣದಲ್ಲಿ, ಕರೆತಂದವರು: ಗಂಡ. ಅವನ ಎದುರಿಗೆ ಅವಳು ಬೇರೆ ಏನು ಹೇಳಬೇಕಿತ್ತು? ಬಾವು, ಕಂದಿದ ಗುರುತು ಹಲವು ಸಲ ಮೊದಲ ದಿನ ಕಾಣದೆ ಒಂದೆರಡು ದಿನದ ಮೇಲೆ ಎದ್ದು ಕಾಣುತ್ತದೆ, ಕಪ್ಪು ಮೈಬಣ್ಣದಲ್ಲಂತೂ ಕಣ್ಣಿಗೆ ಬೀಳುವುದೇ ಕಷ್ಟ. ಫೋಟೋವನ್ನು ಮತ್ತೊಮ್ಮೆ ತೆಗೆಯಬೇಕು. ಇದಕ್ಕೆ ಖರ್ಚಿಲ್ಲ, ಮರೆಯದಿದ್ದರೆ ಸಾಕು.

ಕುತ್ತಿಗೆ ಹಿಸುಕಿದ್ದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಹೊಡೆದು, ಕುತ್ತಿಗೆ ಹಿಸುಕಿ, ತಳ್ಳಿರುತ್ತಾರೆ" ಎಂದು ನಡುವೆ ತೂರಿಸಿ ಬರೆದು, ಸಾದಾ ಗಾಯದ ಕಲಮು ಹಾಕುವುದು ರೂಢಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇಂಥ 300 ಕೇಸುಗಳ ಕಡತ ತೆಗೆದು ನೋಡಿದರು, 2001ರಲ್ಲಿ ಅದು ಪ್ರಕಟವಾಯಿತು. ಅರ್ಧದಷ್ಟು ಹೆಂಗಸರ ಕುತ್ತಿಗೆಯ ಮೇಲೆ ಕಣ್ಣಿಗೆ ಕಾಣುವ ಗುರುತೇ ಇರಲಿಲ್ಲ. ಗುರುತಿಲ್ಲ, ಆದ್ದರಿಂದ ಏನೂ ಆಗಿಲ್ಲ ಎಂದುಕೊಂಡಿದ್ದ ಪೊಲೀಸರಿಗೂ ಪ್ರಾಸಿಕ್ಯೂಟರುಗಳಿಗೂ ಅಲ್ಲಿಂದ ಪಾಠ ಶುರುವಾಯಿತು. 2008ರ ಇನ್ನೊಂದು ಅಧ್ಯಯನದ ಪ್ರಕಾರ, ಗಂಡನೋ ಸಂಗಾತಿಯೋ ಒಮ್ಮೆ ಕುತ್ತಿಗೆ ಹಿಸುಕಿದ್ದರೆ ಮುಂದೆ ಆ ಹೆಂಗಸು ಅವನಿಂದಲೇ ಕೊಲೆಯಾಗುವ ಸಂಭವ ಸುಮಾರು 7 ಪಟ್ಟು ಹೆಚ್ಚು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇವು: ದನಿ ಒಡೆದಿದೆಯೇ? ಉಗುಳು ನುಂಗಲು ನೋವೇ? ಕಣ್ಣು ಕತ್ತಲೆ ಬಂತೇ? ಬಟ್ಟೆಯಲ್ಲೇ ಮೂತ್ರವಾಯಿತೇ? ಈ ಕೊನೆಯದನ್ನು ಅವಳು ತಾನಾಗಿ ಎಂದೂ ಹೇಳಳು, ಜೀವ ಹೋಗುವ ಅಂಚಿಗೆ ಹೋಗಿ ಬಂದಳೆಂಬುದಕ್ಕೆ ಅದೇ ದೊಡ್ಡ ಸುಳಿವು. ಕಣ್ಣಿನ ಬಿಳಿಭಾಗದಲ್ಲಿ ಕೆಂಪು ಚುಕ್ಕೆಗಳಿವೆಯೇ ಎಂದು ಟಾರ್ಚು ಹಿಡಿದು ನೋಡಬೇಕು. ನೋಡಿ, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಗಂಟಲೊಳಗಿನ ಬಾವು, ರಕ್ತನಾಳದ ಪೆಟ್ಟು ತಾಸುಗಳ ಮೇಲೂ ಪ್ರಾಣ ತೆಗೆಯಬಹುದು. ಇಂಥ ಕಡೆ ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಮು, ಅಂದರೆ ಕೊಲೆ ಯತ್ನ, ಅನ್ವಯಿಸುತ್ತದೆಯೇ ಎಂದು ಅಧಿಕಾರಿ ಯೋಚಿಸಲೇಬೇಕು.

ಮುಂದಿನ ಅಪಾಯವನ್ನು ಅಳೆಯುವುದೂ ತನಿಖೆಯ ಭಾಗವೇ. ಅಮೆರಿಕದ ದಾದಿ ಮತ್ತು ಪ್ರಾಧ್ಯಾಪಕಿ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲೇ ಇದಕ್ಕೊಂದು ಪ್ರಶ್ನಾವಳಿ ಮಾಡಿದರು. ಅದರ ಆಧಾರದ ಮೇಲೆ ಮೇರಿಲ್ಯಾಂಡ್ ರಾಜ್ಯದ ಪೊಲೀಸರು ಸ್ಥಳದಲ್ಲೇ ಕೇಳಲು 11 ಪ್ರಶ್ನೆಗಳ ಚೀಟಿ ಇಟ್ಟುಕೊಂಡರು. ಅಲ್ಲಿ ಬಂದೂಕಿನ ಪ್ರಶ್ನೆ ಮುಖ್ಯ. ನಮ್ಮಲ್ಲಿ ಮಚ್ಚು, ಕುಡಗೋಲು, ಸೀಮೆಎಣ್ಣೆ, ಕ್ರಿಮಿನಾಶಕದ ಡಬ್ಬಿ. ಉಳಿದದ್ದಕ್ಕೆ ವ್ಯತ್ಯಾಸವಿಲ್ಲ: ಹೊಡೆತ ಹೆಚ್ಚಾಗುತ್ತಿದೆಯೇ, ಕೊಲ್ಲುತ್ತೇನೆ ಎಂದಿದ್ದಾನೆಯೇ, ಸದಾ ಅನುಮಾನವೇ, ಅವಳು ಬಿಟ್ಟು ಹೊರಟಿದ್ದಾಳೆಯೇ. ಶೀಲ ಶಂಕಿಸಿ ಪತ್ನಿಯ ಕೊಲೆ ಎಂಬ ತಲೆಬರಹ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಹೆಂಗಸು ಮನೆ ಬಿಟ್ಟು ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಸರಿಯಾಗಿ ಆ ಹೊತ್ತಿಗೆ ನಮ್ಮ ಠಾಣೆಯ ಹಿರಿಯ ಹೆಡ್ ಕಾನ್‌ಸ್ಟೆಬಲ್ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೋಗಮ್ಮ" ಎಂದು ಮುಚ್ಚಳಿಕೆ ಬರೆಸಿಕೊಂಡು ಅವನ ಜೊತೆಗೇ ಕಳಿಸಿಕೊಡುತ್ತಾರೆ. ಸಂಸಾರ ಉಳಿಸಿದೆ ಎಂಬ ನೆಮ್ಮದಿ ಅವರಿಗೆ. ಅವರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಮುಚ್ಚಳಿಕೆಯಾದರೂ ಮುಂದಿನ ಕಡತಕ್ಕೆ ಸೇರಬೇಕಲ್ಲ! ಪೊಲೀಸರ ಮುಂದೆ ಅವನು ಒಪ್ಪಿಕೊಂಡದ್ದು ತಪ್ಪೊಪ್ಪಿಗೆಯಾಗಿ ನ್ಯಾಯಾಲಯದಲ್ಲಿ ನಿಲ್ಲಲಾರದು. ಅವಳು ಇಂಥ ದಿನ ಇಂಥ ನೋವು ಹೇಳಿಕೊಂಡು ಠಾಣೆಗೆ ಬಂದಿದ್ದಳು ಎಂಬುದಕ್ಕೆ ಠಾಣೆಯದೇ ಕಾಗದಕ್ಕಿಂತ ಬೇರೆ ಸಾಕ್ಷಿ ಬೇಕೇ? ಎರಡು ಮೂರು ಸಲದ ಅರ್ಜಿ, ಹಿಂಬರಹ, ಮುಚ್ಚಳಿಕೆಗಳು ಅಲ್ಮೇರಾದಲ್ಲಿ ಬಿದ್ದಿದ್ದರೂ ದೋಷಾರೋಪ ಪಟ್ಟಿಯಲ್ಲಿ ಅವುಗಳ ಸುದ್ದಿಯೇ ಇರುವುದಿಲ್ಲ.

ಇಷ್ಟೆಲ್ಲ ಏಕೆಂದರೆ, ಅವಳೊಬ್ಬಳ ಮಾತಿನ ಮೇಲೆ ನಿಂತ ಕೇಸು ಅವಳೊಬ್ಬಳನ್ನು ಅಲುಗಾಡಿಸಿದರೆ ಬೀಳುತ್ತದೆ. ಅತ್ತೆಮಾವ, ಊರ ಹಿರಿಯರು, ಕೊನೆಗೆ ಸ್ವಂತ ತಾಯಿ, "ಮಕ್ಕಳ ಮುಖ ನೋಡು" ಎನ್ನುತ್ತಾರೆ. ಅವಳು ಪ್ರತಿಕೂಲ ಸಾಕ್ಷಿಯಾಗುತ್ತಾಳೆ. ಬಳೆ ಚೂರು, ಪಾಸ್‌ಬುಕ್, 112ರ ಕರೆ, ಪಕ್ಕದ ಮನೆಯ ಚಾಪೆ, ಇವುಗಳ ಮೇಲೆ ಯಾರೂ ಒತ್ತಡ ಹೇರಲಾರರು.

ಇಲ್ಲಿ ಯಾರಾದರೂ ಕೇಳಬಹುದು, ಸುಳ್ಳು ಕೇಸುಗಳ ಗತಿ ಏನು ಎಂದು. ಸುಳ್ಳು ದೂರು ಬರುವುದಿಲ್ಲ ಎಂದು ವಾದಿಸುವವಳು ನಾನಲ್ಲ. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಮೇಲಿನ ಆಗಿನ ದಂಡ ಸಂಹಿತೆಯ 498ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಮಿನ ದೂರು ಬಂತೆಂದ ಮಾತ್ರಕ್ಕೆ ಬಂಧಿಸಬೇಡಿ, ಬಂಧನ ಏಕೆ ಬೇಕೆಂದು ಕಾರಣ ಬರೆಯಿರಿ ಎಂದಿತು. ಬಹಳ ಠಾಣೆಗಳಲ್ಲಿ ಇದನ್ನು ತನಿಖೆಯನ್ನೂ ಮಾಡಬೇಡಿ ಎಂಬಂತೆ ಓದಿಕೊಂಡರು. ನೋಟಿಸು ಕೊಟ್ಟು, ಅವನ ಹೇಳಿಕೆ ಪಡೆದು, ಸುಮ್ಮನಾದರು. 2022ರಲ್ಲಿ ಕಹ್ಕಶಾನ್ ಕೌಸರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಗಂಡನ ಮನೆಯವರ ಮೇಲೆ ಯಾರ ಪಾತ್ರ ಏನೆಂದು ಹೇಳದೆ ಒಟ್ಟಾರೆಯಾಗಿ ಮಾಡಿದ್ದ ಆರೋಪವನ್ನು ರದ್ದು ಮಾಡಿತು. ಅತ್ತೆ, ಮಾವ, ಮೈದುನ, ಬೇರೆ ಊರಿನ ನಾದಿನಿ ಎಲ್ಲರ ಹೆಸರನ್ನೂ ಆ ಒಂದೇ ವಾಕ್ಯಕ್ಕೆ ಪೋಣಿಸಿದರೆ ನಿರಪರಾಧಿ ನಾದಿನಿ ಕೋರ್ಟು ಅಲೆಯುತ್ತಾಳೆ, ಹೊಡೆದ ಗಂಡ ಅವಳ ನೆರಳಲ್ಲಿ ಪಾರಾಗುತ್ತಾನೆ. ಯಾರು, ಯಾವತ್ತು, ಏನು ಮಾಡಿದರು ಎಂದು ಕೇಳಿ ಬರೆಯುವ ಅಧಿಕಾರಿಯಿಂದ ಏಟು ತಿಂದವಳಿಗೂ ನಿರಪರಾಧಿಗೂ ನ್ಯಾಯ ಸಿಗುತ್ತದೆ.

ಕಲಿಸಿದರೆ ಕಲಿಯುತ್ತಾರೆಯೇ? ಮಧ್ಯಪ್ರದೇಶದ 180 ಠಾಣೆಗಳಲ್ಲಿ ನಡೆದ ಒಂದು ಪ್ರಯೋಗ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕೆಲವು ಠಾಣೆಗಳಲ್ಲಿ ಊರ್ಜಾ ಎಂಬ ಮಹಿಳಾ ಡೆಸ್ಕ್ ತೆರೆದು, ಪ್ರತ್ಯೇಕ ಜಾಗ, ತರಬೇತಿ, ಹೀಗೆ ಹೀಗೆ ಮಾಡಿ ಎಂಬ ಲಿಖಿತ ಕ್ರಮ ಕೊಟ್ಟರು. ಕೆಲವನ್ನು ಇದ್ದಂತೆಯೇ ಬಿಟ್ಟರು. ಡೆಸ್ಕ್ ಇದ್ದ ಕಡೆ ಹೆಂಗಸರ ದೂರುಗಳು ಹೆಚ್ಚು ದಾಖಲಾದವು. ಎಫ್.ಐ.ಆರ್. ಹೆಚ್ಚಳ ಮುಖ್ಯವಾಗಿ ಬಂದದ್ದು ಮಹಿಳಾ ಅಧಿಕಾರಿಗಳೇ ನಡೆಸಿದ ಡೆಸ್ಕ್‌ಗಳಿಂದ. ನಮ್ಮಲ್ಲೂ ಮಹಿಳಾ ಠಾಣೆಗಳಿವೆ, ಬೆಂಗಳೂರಿನಲ್ಲಿ ವನಿತಾ ಸಹಾಯವಾಣಿ ಇದೆ, ಜಿಲ್ಲೆಗಳಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಗಳಿವೆ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟುವವರು ಮಾಮೂಲಿ ಠಾಣೆಯ ಇಬ್ಬರು ಪೇದೆಗಳು, ಬೆಂಗಳೂರಾದರೆ ಹೊಯ್ಸಳ ಗಾಡಿಯವರು. ತರಬೇತಿಗೆ ಮಾತ್ರ ಇನ್ಸ್‌ಪೆಕ್ಟರನ್ನು ಕಳಿಸುತ್ತಾರೆ! ಚನ್ನಪಟ್ಟಣದಂಥ ತರಬೇತಿ ಶಾಲೆಗಳಲ್ಲಿ ಒಂದು ಕೋಣೆಯನ್ನೇ ಸಂಸಾರದ ಮನೆಯಂತೆ ಸಜ್ಜುಮಾಡಿ, ಮಗುಚಿದ ಬೋಗುಣಿ, ಬಳೆ ಚೂರು, ಕಿತ್ತ ಚಿಲಕ ಇಟ್ಟು, ಹೊಸ ಪೇದೆಗಳನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟು ಮಹಜರು ಬರೆಸಬೇಕು. ಇನ್ನೊಬ್ಬ ಪೇದೆ ಗಂಡನ ಪಾತ್ರ ವಹಿಸಿ, "ಏನಿಲ್ಲ ಸಾರ್, ಮನೆ ವಿಚಾರ, ಕಾಫಿ ಕುಡೀರಿ" ಎನ್ನಲಿ. ಅಂಥ ಒಂದು ಗಂಟೆ ಇಡೀ ದಿನದ ಉಪನ್ಯಾಸಕ್ಕಿಂತ ಮೇಲು.

ತನಿಖೆ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ. 1990ರ ದಶಕದಲ್ಲಿ ಸ್ಟೌ ಸಿಡಿದು ಗೃಹಿಣಿ ಸಾವು ಎಂಬುದು ದಿನದ ಸುದ್ದಿಯಾಗಿತ್ತು, ಠಾಣೆಯಲ್ಲಿ ಯು.ಡಿ.ಆರ್., ಅಂದರೆ ಅಸಹಜ ಸಾವಿನ ವರದಿ, ಆಗಿ ಮುಗಿಯುತ್ತಿತ್ತು. ವಿಮೋಚನಾ ಎಂಬ ಮಹಿಳಾ ಸಂಸ್ಥೆಯ ಹೆಣ್ಣುಮಕ್ಕಳು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ ಕೂತು, ಕಡತಗಳನ್ನು ತಿರುವಿ ಹಾಕಿ, ಅಪಘಾತವೆಂದು ಬರೆದ ಸಾವುಗಳ ಹಿಂದಿನ ಹಿಂಸೆಯನ್ನು ಬಯಲಿಗೆ ತಂದರು. ಸ್ಟೌ ನಿಜವಾಗಿ ಸಿಡಿದಿದೆಯೇ, ಇದ್ದಂತೆಯೇ ಇದೆಯೇ? ಸೀಮೆಎಣ್ಣೆಯ ವಾಸನೆ ಅಡುಗೆಕಟ್ಟೆಯಲ್ಲಿದೆಯೇ, ಅವಳ ತಲೆಗೂದಲಲ್ಲಿದೆಯೇ? ಮರಣಕಾಲದ ಹೇಳಿಕೆ ಬರೆಯುವಾಗ ಮಂಚದ ಕಾಲಬಳಿ ಯಾರು ನಿಂತಿದ್ದರು? ಮದುವೆಯಾಗಿ ಏಳು ವರ್ಷದೊಳಗಿನ ಸಂಶಯಾಸ್ಪದ ಸಾವಿಗೆ ತಹಶೀಲ್ದಾರರು ಶವಪಂಚನಾಮೆಗೆ ಬರುತ್ತಾರೆ. ಎಂಟನೇ ವರ್ಷದವಳಿಗೂ ಅದೇ ಎಚ್ಚರ ಬೇಡವೇ?

ಇನ್ನೊಂದು ಸಣ್ಣ ವಿಷಯ, ದೊಡ್ಡದಾಗಬಹುದಾದದ್ದು. 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶದ ಪ್ರತಿ ಆಯಾ ಠಾಣೆಗೂ ಬರಬೇಕು. ಅದನ್ನು ಮೀರಿದರೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ. ಜಾಮೀನಿಲ್ಲದ, ಪೊಲೀಸರು ನೇರ ಬಂಧಿಸಬಹುದಾದ ಅಪರಾಧ ಅದು. "ಗೇಟಿನ ಹತ್ತಿರ ನಿಂತಿದ್ದಾರೆ" ಎಂದು ಅವಳು ರಾತ್ರಿ ಕರೆ ಮಾಡಿದಾಗ ಬೀಟಿನವರಿಗೆ ಅಂಥ ಆದೇಶ ಇದೆಯೆಂದೇ ಗೊತ್ತಿರುವುದಿಲ್ಲ. ಆದೇಶದ ಪ್ರತಿ ಕಡತದೊಳಗಿದೆ, ಕಡತ ಬೀಗದೊಳಗಿದೆ. ಬೀಟ್ ಪುಸ್ತಕದ ಮೊದಲ ಪುಟದಲ್ಲಿ ಆ ಮನೆಗಳ ಪಟ್ಟಿ ಇರಲಿ.

ಕೇಳುತ್ತಿರುವ ಹೆಣ್ಣುಮಕ್ಕಳಿಗೆ ಎರಡು ಮಾತು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಮ್ಮ ಸರಹದ್ದಲ್ಲ ಎಂದು ವಾಪಸು ಕಳಿಸುವಂತಿಲ್ಲ. ತವರಿಗೆ ಬಂದಿದ್ದರೆ ತವರೂರಿನಲ್ಲೇ ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬರೆದದ್ದನ್ನು ನಿಮಗೆ ಓದಿ ಹೇಳಬೇಕು, ನೀವು ಹೇಳಿದ್ದು ಅದರಲ್ಲಿಲ್ಲದಿದ್ದರೆ ಸೇರಿಸಿರಿ ಎನ್ನಿ, ಆಮೇಲೆ ಸಹಿ ಹಾಕಿ. ಎಫ್.ಐ.ಆರ್. ಪ್ರತಿಗೆ ದುಡ್ಡಿಲ್ಲ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರೇ ನಿಮಗೆ ತಿಳಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ತಿಳಿಸದಿದ್ದರೆ ನೀವೇ ಹೋಗಿ ಕೇಳಿ, ಕೇಳಿದ ತಾರೀಖನ್ನು ಬರೆದಿಟ್ಟುಕೊಳ್ಳಿ.